ಮಳೆ ಬಿದ್ದ ಮೇಲೆ ಹಿತ್ತಿಲಲ್ಲಿ ಏನೇನು ಏಳುತ್ತದೆ, ಯಾಕೆ?

ಮೇ ಕೊನೆಗೆ ಉಡುಪಿಯ ನಮ್ಮ ಹಿತ್ತಿಲಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಬಾಳೆ ಬುಡದ ಮಣ್ಣು ಬಿರಿದಿತ್ತು. ಮುರಕಲ್ಲಿನ ಪಾಗಾರ ಮುಟ್ಟಿದರೆ ಬಿಸಿ, ಕೆರೆದರೆ ಕೆಂಪು ಪುಡಿ. ಮೃಗಶಿರಾ ಮಳೆ ಹಿಡಿದು ಮೂರು ವಾರ ಆಯಿತು, ಅಷ್ಟೆ. ಈಗ ಪಾಗಾರದ ಒಂದೊಂದು ತೂತಿನಲ್ಲೂ ಒಂದೊಂದು ಜರಿಗಿಡ. ತಜಂಕ್ ಸೊಪ್ಪು ಗೇಣುದ್ದ ಎದ್ದಿದೆ. ಕರಿಬೇವಿನ ಗಿಡದ ಅರ್ಧ ಎಲೆ ಯಾರೋ ತಿಂದು ಮುಗಿಸಿದ್ದಾರೆ. ರಾತ್ರಿ ಕಿಟಕಿ ಹಾಕಿದರೂ ಕಪ್ಪೆಗಳ ಗಲಾಟೆಯಲ್ಲಿ ಟಿವಿ ಕೇಳುವುದಿಲ್ಲ.

ಪಕ್ಕದ ಮನೆಯ ಅಕ್ಕ ಪಾಗಾರದ ಆಚೆಯಿಂದ ಕೇಳಿದರು: "ಇದೆಲ್ಲ ಎಲ್ಲಿಂದ ಬಂತು ಮಾರಾಯ್ರೆ? ಈ ಸಲ ಸ್ವಲ್ಪ ಜಾಸ್ತಿಯೇ ಅಲ್ವಾ?"

ಎರಡೂ ಒಳ್ಳೆಯ ಪ್ರಶ್ನೆಗಳೇ. ಮೊದಲನೆಯದಕ್ಕೆ ಉತ್ತರ: ಹೆಚ್ಚಿನದ್ದು ಎಲ್ಲಿಂದಲೂ ಬಂದದ್ದಲ್ಲ. ಮೇ ತಿಂಗಳಲ್ಲೂ ಇಲ್ಲೇ ಇತ್ತು, ನಮಗೆ ಕಾಣುತ್ತಿರಲಿಲ್ಲ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ.

ಮೊದಲು ನೀರಿನ ಲೆಕ್ಕ

ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿನ ಸರಾಸರಿ 1,000ದ ಆಸುಪಾಸು. ಮಿಲಿಮೀಟರ್ ಅಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ, ಹಾಗಾಗಿ ಲೀಟರಿಗೆ ತರೋಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಹತ್ತು ಸೆಂಟ್ಸ್ ಜಾಗ ಅಂದರೆ ಸುಮಾರು 405 ಚದರ ಮೀಟರ್. ಗುಣಿಸಿದರೆ ವರ್ಷಕ್ಕೆ 14 ಲಕ್ಷ ಲೀಟರ್. ಬೇಸಿಗೆಯಲ್ಲಿ ನಾವು ಫೋನ್ ಮಾಡಿ ತರಿಸುವ 6,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥವು 230ಕ್ಕೂ ಜಾಸ್ತಿ. ಹತ್ತು ಸೆಂಟ್ಸಿನ ಮೇಲೆ!

ಇದರಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆಕಾಶ ಬಹುಮಟ್ಟಿಗೆ ಒಣ. ಅಂದರೆ ನಮ್ಮ ಹಿತ್ತಿಲಿನ ಜೀವಿಗಳಿಗೆ ವರ್ಷದಲ್ಲಿ ನಾಲ್ಕು ತಿಂಗಳು ಮದುವೆಮನೆ, ಉಳಿದದ್ದು ಉಪವಾಸ. ಉಪವಾಸದ ತಿಂಗಳುಗಳನ್ನು ದಾಟಲು ಅವು ಕಂಡುಕೊಂಡ ಉಪಾಯಕ್ಕೆ ಸುಪ್ತಾವಸ್ಥೆ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸಣ್ಣದು. ಗ್ಯಾಸ್ ಆಫ್ ಮಾಡದೆ ಸಿಮ್ಮಿನಲ್ಲಿ ಇಟ್ಟ ಹಾಗೆ. ಜೀವ ಇದೆ, ಖರ್ಚು ತೀರಾ ಕಮ್ಮಿ. ಬೀಜ, ಗಡ್ಡೆ, ಮೊಟ್ಟೆ, ಬೀಜಕಣ, ಮಣ್ಣಿನೊಳಗೆ ಹೂತುಕೊಂಡ ಕಪ್ಪೆ: ಎಲ್ಲವೂ ಸಿಮ್ಮಿನಲ್ಲಿ ಇಟ್ಟ ಒಲೆಗಳೇ.

ಮಣ್ಣಿನ ವಾಸನೆ ಯಾರದ್ದು?

ಮೊದಲ ಮಳೆಗೆ ಬರುವ ಆ ವಾಸನೆ ಮಣ್ಣಿನದ್ದು ಅಂತ ನಾವು ಹೇಳುತ್ತೇವೆ. ಬರೀ ಮಣ್ಣಿಗೆ ಆ ವಾಸನೆ ಇಲ್ಲ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇದಕ್ಕೆ 'ಪೆಟ್ರಿಕೋರ್' ಅಂತ ಹೆಸರಿಟ್ಟರು. ಅದರಲ್ಲಿ ಗಿಡಗಳಿಂದ ಇಳಿದು ಕಲ್ಲು-ಮಣ್ಣಿಗೆ ಅಂಟಿದ ಎಣ್ಣೆಯ ಅಂಶ ಇರುತ್ತದೆ. ಜೊತೆಗೆ ಜಿಯೋಸ್ಮಿನ್ ಅನ್ನುವ ವಸ್ತು ಇರುತ್ತದೆ. ಇದನ್ನು ಮಾಡುವುದು ಮುಖ್ಯವಾಗಿ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ. ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಔಷಧಿ ಸಿಕ್ಕಿದ್ದೂ ಇದೇ ಕುಟುಂಬದಿಂದ.

ನಮ್ಮ ಮೂಗು ಜಿಯೋಸ್ಮಿನ್‌ಗೆ ಎಷ್ಟು ಚುರುಕು ಎಂದರೆ ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಗೊತ್ತಾಗುತ್ತದೆ. ಆದರೆ ಬ್ಯಾಕ್ಟೀರಿಯಾ ಈ ವಾಸನೆ ಬಿಡುವುದು ನಮಗಾಗಿ ಅಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಎಳ್ಳಿಗಿಂತ ಸಣ್ಣದಾದ, ಪುಟಪುಟನೆ ಜಿಗಿಯುವ ಒಂದು ಬಗೆಯ ಮಣ್ಣುಹುಳ ಈ ವಾಸನೆಯ ಬೆನ್ನು ಹಿಡಿದು ಬರುತ್ತದೆ, ಬ್ಯಾಕ್ಟೀರಿಯಾವನ್ನು ತಿನ್ನುತ್ತದೆ, ಅದರ ಬೀಜಕಣಗಳನ್ನು ಮೈಗೆ ಮೆತ್ತಿಕೊಂಡು ಬೇರೆ ಕಡೆ ಒಯ್ಯುತ್ತದೆ. ಪರಿಮಳ ಅಂತ ನಾವು ಮೂಗರಳಿಸಿ ನಿಲ್ಲುವುದು ಇವರಿಬ್ಬರ ವ್ಯವಹಾರದ ಮಧ್ಯೆ.

ಅದೇ ಹೊತ್ತಿಗೆ ಮಣ್ಣಿನೊಳಗೆ ಇನ್ನೊಂದು ಕೆಲಸ ನಡೆಯುತ್ತದೆ. ಬೇಸಿಗೆಯಲ್ಲಿ ಸತ್ತ ಸೂಕ್ಷ್ಮಜೀವಿಗಳ ಅವಶೇಷ ನೀರಿಗೆ ಕರಗುತ್ತದೆ, ಬದುಕಿ ಉಳಿದವು ಅದನ್ನು ತಿಂದು ಒಮ್ಮೆಲೇ ಹೆಚ್ಚುತ್ತವೆ, ಸಾರಜನಕ ಗಿಡಗಳಿಗೆ ಸಿಗುವ ರೂಪಕ್ಕೆ ಬರುತ್ತದೆ. ಯಾರೂ ಗೊಬ್ಬರ ಹಾಕದೆ ಮೊದಲ ಎರಡು ವಾರ ಹುಲ್ಲು ಓಡಿ ಬೆಳೆಯುವುದಕ್ಕೆ ಇದೂ ಒಂದು ಕಾರಣ.

ಆದರೆ ಈ ಸಾರ ಬಹಳ ದಿನ ನಿಲ್ಲುವುದಿಲ್ಲ. ನಮ್ಮದು ಮುರಮಣ್ಣು. ಲಕ್ಷಾಂತರ ವರ್ಷ ಮಳೆ ತೊಳೆದು ತೊಳೆದು ಕರಗುವ ಪೋಷಕಾಂಶ ಎಲ್ಲ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದ ಮಣ್ಣು. ಕೆಂಪು ಬಣ್ಣ ಕಬ್ಬಿಣದ್ದು. ಫ್ರಾನ್ಸಿಸ್ ಬುಕಾನನ್ ಕೇರಳದಲ್ಲಿ ಇದೇ ಕಲ್ಲನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ 'ಲ್ಯಾಟರೈಟ್' ಅಂತ ಕರೆದ, ಲ್ಯಾಟಿನ್ ಭಾಷೆಯ ಇಟ್ಟಿಗೆಯ ಹೆಸರಿನಿಂದ. ಇಂಥ ಮಣ್ಣಿನಲ್ಲಿ ಊಟ ಇರುವುದು ಮೇಲಿನ ಕೆಲವೇ ಇಂಚಿನಲ್ಲಿ, ತರಗೆಲೆ ಕೊಳೆಯುವ ಕಡೆ. ಈ ಮಾತು ಆಮೇಲೆ ಬೇಕಾಗುತ್ತದೆ.

ಕಾದು ಕೂತ ಬೀಜ, ಮರ ಹತ್ತಿದ ಕೆಸು

ತಜಂಕ್, ಅಂದರೆ ತಗಚೆ. ಇದನ್ನು ಯಾರೂ ಬಿತ್ತುವುದಿಲ್ಲ. ಕಳೆದ ವರ್ಷದ ಕೋಡು ಒಡೆದು ಬಿದ್ದ ಬೀಜಕ್ಕೆ ನೀರು ಒಳಗಿಳಿಯದಷ್ಟು ಗಟ್ಟಿ ಸಿಪ್ಪೆ ಇದೆ. ಬಿಸಿಲು, ಸವೆತ, ಸೂಕ್ಷ್ಮಜೀವಿ ಎಲ್ಲ ಸೇರಿ ಆ ಸಿಪ್ಪೆ ನಿಧಾನಕ್ಕೆ ಸಡಿಲವಾಗಬೇಕು. ಎಲ್ಲ ಬೀಜ ಒಂದೇ ವರ್ಷ ಮೊಳೆಯುವುದೂ ಇಲ್ಲ. ಒಂದಿಷ್ಟು ಮುಂದಿನ ವರ್ಷಕ್ಕೆ, ಒಂದಿಷ್ಟು ಅದರ ಮುಂದಿನದಕ್ಕೆ. ಬ್ಯಾಂಕಿನಲ್ಲಿ ಬೇರೆ ಬೇರೆ ಅವಧಿಗೆ ಎಫ್‌ಡಿ ಇಟ್ಟ ಹಾಗೆ. ಅದಕ್ಕೇ ಒಂದು ಸಲ ಪೂರ್ತಿ ಕಿತ್ತು ಹಾಕಿದರೂ ಮರುವರ್ಷ ಮತ್ತೆ ಹಾಜರ್. ನಮ್ಮ ಮನೆಯಲ್ಲಿ ಅದರ ಬಗ್ಗೆ ದೂರಿಲ್ಲ. ಎಳೆಯದಿದ್ದಾಗ ಕೊಯ್ದರೆ ಪಲ್ಯಕ್ಕಾಯಿತು.

ಕೆಸುವಿನದ್ದು ಇನ್ನೊಂದು ದಾರಿ. ಬೇಸಿಗೆಯಲ್ಲಿ ಎಲೆ ಒಣಗಿ ಹೋಗುತ್ತದೆ, ಗಡ್ಡೆ ಮಣ್ಣಿನೊಳಗೆ ಉಳಿಯುತ್ತದೆ. ಮರಕೆಸುವಿನದ್ದು ಮಾತ್ರ ನಿಜಕ್ಕೂ ತಮಾಷೆ. ಅದು ಹಲಸು, ಮಾವಿನ ಕೊಂಬೆಯ ಮೇಲೆ, ಕಲ್ಲಿನ ಸಂದಿಯಲ್ಲಿ ಬರುತ್ತದೆ. ಅಷ್ಟು ಎತ್ತರಕ್ಕೆ ಗಡ್ಡೆ ಹೋದದ್ದು ಹೇಗೆ? ಗಿಡದ ಬುಡದಿಂದ ನೆಟ್ಟಗೆ ಒಂದು ಕಡ್ಡಿ ಏಳುತ್ತದೆ. ಅದರ ತುಂಬ ಮೆಣಸಿನಕಾಳಿನಂಥ ಮರಿಗಡ್ಡೆಗಳು. ಭೂತಕನ್ನಡಿ ಹಿಡಿದರೆ ಒಂದೊಂದರ ಮೇಲೂ ಸಣ್ಣ ಸಣ್ಣ ಕೊಕ್ಕೆ ಕಾಣುತ್ತದೆ. ಹಕ್ಕಿಯ ಪುಕ್ಕಕ್ಕೋ ಅಳಿಲಿನ ರೋಮಕ್ಕೋ ಆ ಕೊಕ್ಕೆ ಸಿಕ್ಕಿಕೊಂಡರೆ ಆಯಿತು, ಬೇರೆ ಮರಕ್ಕೆ ಉಚಿತ ಪ್ರಯಾಣ.

ಆಟಿ ತಿಂಗಳಲ್ಲಿ (ತುಳುವರ ಜುಲೈ-ಆಗಸ್ಟ್) ಕೆಸುವಿನ ಎಲೆಯ ಪತ್ರೊಡೆ ಮಾಡುವವರಿಗೆ ಒಂದು ವಿವರಣೆ. ಕೆಸುವಿನ ಎಲೆ ಗಂಟಲು ತುರಿಸುವುದು ಅದರೊಳಗಿನ ಸೂಜಿಯಂಥ ಹರಳುಗಳಿಂದ. ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುತ್ತಾರೆ. ಧಾರಾಳ ಹುಣಸೆಹುಳಿ, ಚೆನ್ನಾಗಿ ಹಬೆಯಲ್ಲಿ ಬೇಯಿಸುವುದು, ಎರಡೂ ತುರಿಕೆ ತಗ್ಗಿಸುತ್ತವೆ. ಅಜ್ಜಿ ಹುಳಿ ಹಾಕುತ್ತಿದ್ದದ್ದು ಬರೀ ರುಚಿಗಲ್ಲ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯಿಂದ ಮಾಡುವ ಕಷಾಯದ ವಿಷಯದಲ್ಲಿ ಮಾತ್ರ ಇನ್ನೂ ಹುಷಾರು ಬೇಕು. ಹಾಲೆ ಮರದ ಕೆತ್ತೆ ಅಂದುಕೊಂಡು ಕಾಸರಕನ ತೊಗಟೆ ತಂದರೆ ಅದರಲ್ಲಿ ಸ್ಟ್ರಿಕ್ನಿನ್ ಇರುತ್ತದೆ, ಪ್ರಾಣ ತೆಗೆಯುವ ವಿಷ. ಬಗೆದರೆ ಬಿಳಿ ಹಾಲು ಬರುವುದು, ಒಂದೇ ಗಂಟಿನಲ್ಲಿ ಏಳೆಂಟು ಎಲೆ ಸುತ್ತಲೂ ಹರಡಿರುವುದು ಹಾಲೆಯ ಗುರುತು. ಮುಂಜಾನೆ ಕತ್ತಲಲ್ಲಿ ಕೆತ್ತುವವರು ಹಿಂದಿನ ದಿನವೇ ಬೆಳಕಿನಲ್ಲಿ ಮರ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಹಲಸಿನ ಮರದಲ್ಲಿ ನೇತಾಡುವ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವನ್ನೂ ಒಮ್ಮೆ ಹತ್ತಿರದಿಂದ ನೋಡಿ. ಒಣಗಿದ್ದಾಗ ಅದರ ಬೇರು ಬೆಳ್ಳಗೆ. ನೀರು ಚಿಮುಕಿಸಿ, ಸ್ವಲ್ಪ ಹೊತ್ತಿನಲ್ಲಿ ಹಸಿರಾಗುತ್ತದೆ. ಬೇರಿನ ಹೊರಗೆ ಸ್ಪಂಜಿನಂಥ ಪದರ ಇದೆ. ಅದು ಮಳೆನೀರು ಹೀರಿಕೊಂಡಾಗ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಅದು ಮರದಿಂದ ಏನನ್ನೂ ಕದಿಯುವುದಿಲ್ಲ, ನಿಲ್ಲಲು ಜಾಗ ಮಾತ್ರ ಪಡೆದಿದೆ.

ದೀಪಕ್ಕೆ ಮುತ್ತುವ ರೆಕ್ಕೆಹುಳ

ಮೊದಲ ಮಳೆಯ ಸಂಜೆ ಟ್ಯೂಬ್‌ಲೈಟಿಗೆ ಮುತ್ತಿ, ಬೆಳಿಗ್ಗೆ ಜಗಲಿ ತುಂಬ ರೆಕ್ಕೆ ಉದುರಿಸಿ ಹೋಗುವವರು ಗೆದ್ದಲುಗಳು. ಹುತ್ತದಿಂದ ಹೊರಟ ಗಂಡು-ಹೆಣ್ಣು. ರೆಕ್ಕೆ ಬೇಕಾಗುವುದು ಈ ಒಂದು ಹಾರಾಟಕ್ಕೆ ಮಾತ್ರ. ಜೋಡಿ ಸಿಕ್ಕಿದ ಕೂಡಲೇ ಕಳಚಿ, ಒದ್ದೆಯಾಗಿ ಮೆತ್ತಗಾದ ಮಣ್ಣು ಕೊರೆದು ಹೊಸ ಸಂಸಾರ ಹೂಡುತ್ತವೆ. ಒಣ ಮಣ್ಣಾದರೆ ಕೊರೆಯಲು ಆಗುವುದಿಲ್ಲ, ಅದಕ್ಕೇ ಮಳೆಗೆ ಕಾಯುವುದು.

ಊರಿನ ಹುತ್ತಗಳೆಲ್ಲ ಒಂದೇ ಸಂಜೆ ಯಾಕೆ ಹೊರಡಬೇಕು? ಬೇರೆ ಹುತ್ತದ ಜೋಡಿ ಸಿಗಲಿ ಅಂತ ಒಂದು ಕಾರಣ. ಇನ್ನೊಂದು, ದೇವಸ್ಥಾನದ ಅನ್ನಸಂತರ್ಪಣೆಯ ಲೆಕ್ಕ. ಹಲ್ಲಿ, ಕಪ್ಪೆ, ಕಾಗೆ, ಬಾವಲಿ ಎಲ್ಲ ಹೊಟ್ಟೆ ಬಿರಿಯುವಷ್ಟು ತಿಂದರೂ ಒಂದಿಷ್ಟು ಮಿಕ್ಕೇ ಮಿಗುತ್ತದೆ. ಮಿಕ್ಕಷ್ಟೇ ಸಾಕು. ದೀಪ ಅರ್ಧ ಗಂಟೆ ಆರಿಸಿದರೆ ಮನೆಯೊಳಗಿನ ಕಾಟ ತಪ್ಪುತ್ತದೆ.

ಹುತ್ತದ ಪಕ್ಕ ಏಳುವ ಅಣಬೆಯೂ ಗೆದ್ದಲಿನದ್ದೇ ಕೃಷಿ. ತಂದ ಎಲೆ-ಕಡ್ಡಿಯನ್ನು ಅವು ನೇರ ತಿಂದು ಅರಗಿಸಿಕೊಳ್ಳುವುದಿಲ್ಲ, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಮಳೆಗಾಲದಲ್ಲಿ ಆ ತೋಟ ಮಣ್ಣು ಸೀಳಿ ಕೊಡೆ ಬಿಚ್ಚುತ್ತದೆ. ಕಾರ್ಕಳ ಕಡೆಯಿಂದ ಪೇಟೆಗೆ ಬರುವ ಕಲ್ಲಣಬೆಯ ಕತೆ ಬೇರೆ. ಅದು ಕಾಡಿನ ಮರದ ಬೇರಿನ ಜೊತೆ ಹೊಂದಿಕೊಂಡು ಬದುಕುವಂಥದ್ದು. ಅದಕ್ಕೇ ಹಿತ್ತಿಲಲ್ಲಿ ಬೆಳೆಸಲು ಆಗುವುದಿಲ್ಲ, ರೇಟು ಇಳಿಯುವುದೂ ಇಲ್ಲ.

ಕಪ್ಪೆಗಳ ಗಲಾಟೆಗೆ ಅರ್ಥ ಇದೆಯೇ?

ಇದೆ. ಕೂಗುವುದು ಗಂಡು, ಕೇಳಿ ಆರಿಸುವುದು ಹೆಣ್ಣು. ಒಂದೊಂದು ಜಾತಿಗೆ ಒಂದೊಂದು ಕೂಗು. ಹತ್ತು ಜಾತಿ ಒಂದೇ ಹೊಂಡದ ಸುತ್ತ ಕೂಗಿದರೂ ಹೆಣ್ಣು ತನ್ನವನ ದನಿ ಹಿಡಿದು ಹೋಗುತ್ತದೆ. ಮೀನು ಮಾರ್ಕೆಟಿನ ಗದ್ದಲದಲ್ಲೂ ನಮ್ಮ ಖಾಯಂ ಮೀನಿನ ಅಕ್ಕ ಕರೆದದ್ದು ನಮಗೆ ಕೇಳುತ್ತದಲ್ಲ, ಹಾಗೆ.

ಮಳೆಗೇ ಯಾಕೆ? ಕಪ್ಪೆಯ ಚರ್ಮ ನೀರು ಹಿಡಿದಿಡುವುದಿಲ್ಲ, ಅದರ ಮೂಲಕವೇ ಸ್ವಲ್ಪ ಉಸಿರಾಟವೂ ನಡೆಯುತ್ತದೆ. ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಚಿಪ್ಪಿಲ್ಲ, ಲೋಳೆ ಮಾತ್ರ. ಒಣಗಿದರೆ ಮುಗಿಯಿತು. ಹಾಗಿದ್ದರೆ ವರ್ಷವಿಡೀ ನೀರಿರುವ ಕೆರೆ ಬಿಟ್ಟು ಗದ್ದೆಯ ಹೊಂಡಕ್ಕೆ, ರಸ್ತೆ ಬದಿಯ ಚರಂಡಿಗೆ ಯಾಕೆ ಬರಬೇಕು? ಕೆರೆಯಲ್ಲಿ ಮೀನು ಇದೆ, ಮೊಟ್ಟೆ ತಿನ್ನುತ್ತದೆ. ಮಳೆಹೊಂಡದಲ್ಲಿ ಮೀನಿಲ್ಲ, ಆದರೆ ಹೊಂಡ ಯಾವಾಗ ಬತ್ತುತ್ತದೋ ಗೊತ್ತಿಲ್ಲ. ಹಾಗಾಗಿ ಅವಸರ. ಗೋಂಕರು ಕಪ್ಪೆಯ ಮೊಟ್ಟೆ ಒಂದೆರಡು ದಿನದಲ್ಲೇ ಒಡೆದು ಗೊದಮೊಟ್ಟೆ ಹೊರಬರುತ್ತದೆ.

ಈ ಗೋಂಕರು ಗಂಡನ್ನು ಮೊದಲ ಜಡಿಮಳೆಯ ದಿನ ನೋಡಬೇಕು. ಉಳಿದ ಕಾಲದಲ್ಲಿ ಮಾಸಲು ಹಸಿರು. ಆ ದಿನ ಅರಸಿನದ ನೀರಲ್ಲಿ ಅದ್ದಿ ತೆಗೆದ ಹಾಗೆ ಹಳದಿ, ಗಂಟಲಿನ ಎರಡು ಬದಿಗೆ ನೀಲಿ ಚೀಲ. ಇಷ್ಟು ದೊಡ್ಡ ಜೀವ ಬೇಸಿಗೆಯಲ್ಲಿ ಎಲ್ಲಿತ್ತು? ಮಣ್ಣಿನೊಳಗೆ, ಸಿಮ್ಮಿನಲ್ಲಿ. ಒಂದು ಕಾಲದಲ್ಲಿ ಇದರ ಕಾಲುಗಳನ್ನು ವಿದೇಶಕ್ಕೆ ಕಳಿಸುತ್ತಿದ್ದರು. 1987ರಲ್ಲಿ ಸರ್ಕಾರ ಆ ರಫ್ತು ನಿಲ್ಲಿಸಿತು.

ನಮ್ಮೂರ ಕಪ್ಪೆಗಳಿಗೆ ಲೋಕದಲ್ಲಿ ಹೆಸರೂ ಇದೆ. 2018ರಲ್ಲಿ ಮಂಗಳೂರಿನಿಂದ ವಿವರಿಸಿದ ಪುಟ್ಟ ಕಪ್ಪೆಯೊಂದರ ವೈಜ್ಞಾನಿಕ ಹೆಸರು 'ಮೈಕ್ರೊಹೈಲಾ ಕೊಡಿಯಾಲ್'. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು. ಅದಕ್ಕೂ ಮೊದಲು, 2009ರಲ್ಲಿ, ಇನ್ನೊಂದಕ್ಕೆ ಸೇಂಟ್ ಅಲೋಶಿಯಸ್ ಕಾಲೇಜಿನ ನೆನಪಿಗೆ 'ಅಲೋಶಿಯೈ' ಅಂತ ಇಟ್ಟರು.

ಕರಿಬೇವಿನ ಎಲೆ ತಿಂದದ್ದು ಯಾರು?

ಎಲೆಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಂದು-ಬಿಳಿ ಏನೋ ಅಂಟಿದ್ದರೆ ಒರೆಸಲು ಹೋಗಬೇಡಿ. ಅದು ಹುಳ. ಹಿಕ್ಕೆಯ ವೇಷ ಹಾಕಿದರೆ ಹಕ್ಕಿ ಮೂಸುವುದಿಲ್ಲ. ಸ್ವಲ್ಪ ದೊಡ್ಡದಾದ ಮೇಲೆ ವೇಷ ಬದಲಾಗುತ್ತದೆ, ಎಲೆಯದೇ ಹಸಿರು. ಕಡ್ಡಿಯಿಂದ ಮೆಲ್ಲ ಮುಟ್ಟಿದರೆ ತಲೆಯ ಹಿಂದಿನಿಂದ ಹಾವಿನ ನಾಲಗೆಯ ಹಾಗೆ ಕವಲೊಡೆದ ಒಂದು ಅಂಗ ಹೊರಹಾಕುತ್ತದೆ, ಜೊತೆಗೆ ಘಾಟು ವಾಸನೆ. ನಾನು ಒಂದು ಸಲ ಮುಟ್ಟಿ ನೋಡಿದ್ದೇನೆ, ಸಾಕು.

ಸುಮಾರು ಒಂದು ತಿಂಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯಾಗುತ್ತದೆ, ಕಪ್ಪು ರೆಕ್ಕೆಯ ದೊಡ್ಡ ಚಿಟ್ಟೆ. ತಾಯಿ ಚಿಟ್ಟೆ ಸುಮ್ನೆ ಸಿಕ್ಕಿದ ಗಿಡದಲ್ಲಿ ಮೊಟ್ಟೆ ಇಡುವುದಿಲ್ಲ. ಎಲೆಯ ಮೇಲೆ ಕಾಲು ಬಡಿದು ರುಚಿ ನೋಡುತ್ತದೆ. ಹೌದು, ರುಚಿ ತಿಳಿಯುವ ಅಂಗ ಕಾಲಲ್ಲೇ ಇದೆ. ಹುಳಕ್ಕೆ ತಿನ್ನಲು ಆಗುವ ಗಿಡವನ್ನು ಆಸರೆ ಗಿಡ ಅನ್ನೋಣ. ಕರಿಬೇವು, ನಿಂಬೆ ಈ ಚಿಟ್ಟೆಗೆ. ಕರ್ನಾಟಕದ ರಾಜ್ಯ ಚಿಟ್ಟೆಗೆ, ಹಳದಿ-ಕಪ್ಪು ಬಣ್ಣದ, ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಬರುವ ಆ ದೊಡ್ಡದಕ್ಕೆ, ಈಶ್ವರಬಳ್ಳಿಯ ಜಾತಿ ಬೇಕು. ಎಷ್ಟು ಹೂವಿನ ಗಿಡ ನೆಟ್ಟರೂ ಆಸರೆ ಗಿಡ ಇಲ್ಲದಿದ್ದರೆ ಚಿಟ್ಟೆ ಬಂದು ಜ್ಯೂಸ್ ಕುಡಿದು ಹೋಗುತ್ತದೆ, ಮನೆ ಮಾಡುವುದಿಲ್ಲ. ಕರಿಬೇವಿನ ಗಿಡ ಬೋಳಾದರೆ ಗಾಬರಿ ಬೇಡ, ಮಳೆಗೆ ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ನಾಲ್ಕು ದಿನ ಕಷ್ಟ.

ಬಸವನಹುಳ: ಇದು ಮಾತ್ರ ಹೊರಗಿನದ್ದು

ಹೆಚ್ಚಿನದ್ದು ಇಲ್ಲಿಯದ್ದೇ ಅಂದೆನಲ್ಲ, ಇದು ಹಾಗಲ್ಲ. ಪಪ್ಪಾಯಿ, ಬದನೆ, ದಾಸವಾಳ ಏನನ್ನೂ ಬಿಡದ ದೊಡ್ಡ ಕಂದು ಬಸವನಹುಳದ ಮೂಲ ಪೂರ್ವ ಆಫ್ರಿಕಾ. 1847ರಲ್ಲಿ ಕೋಲ್ಕತ್ತಕ್ಕೆ ತಂದು ಬಿಟ್ಟದ್ದು ದೇಶದ ತುಂಬ ಹರಡಿತು. ಒಂದೇ ಹುಳದಲ್ಲಿ ಗಂಡು-ಹೆಣ್ಣು ಎರಡೂ ಇರುವುದರಿಂದ ಯಾವ ಎರಡು ಸೇರಿದರೂ ಎರಡೂ ಮೊಟ್ಟೆ ಇಡಬಲ್ಲವು, ಒಂದು ಸಲಕ್ಕೆ ನೂರರ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿ ಮಲಗುತ್ತದೆ.

ಬರಿಗೈಯಲ್ಲಿ ಮುಟ್ಟಬಾರದು. ಮಿದುಳಿನ ಪೊರೆಗೆ ತೊಂದರೆ ಮಾಡುವ ಒಂದು ಪರೋಪಜೀವಿ ಅದರಲ್ಲಿ ಇರಬಹುದು. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಸೇರಿರುತ್ತವೆ. ಗ್ಲೌಸ್ ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕಿ. ಉಪ್ಪನ್ನು ಮಣ್ಣಿಗೇ ಎರಚಿದರೆ ಗಿಡವೂ ಹಾಳು. ನಮ್ಮ ಕಡೆ ಇವಕ್ಕೆ ಇಬ್ಬರು ವೈರಿಗಳಿದ್ದಾರೆ. ಒಬ್ಬ ಕೆಂಬೂತ, ಪೊದೆಯೊಳಗೆ 'ಊಪ್ ಊಪ್' ಅನ್ನುವ ಕೆಂಪು ರೆಕ್ಕೆಯ ಹಕ್ಕಿ. ಇನ್ನೊಬ್ಬ ಮಿಂಚುಹುಳ. ರಾತ್ರಿ ಮಿಣಮಿಣ ಅನ್ನುವ ಆ ಪಾಪದ ಹುಳ ಮರಿಯಾಗಿದ್ದಾಗ ನೆಲದ ಮೇಲೆ ಬಸವನಹುಳಗಳನ್ನು ಬೇಟೆಯಾಡಿ ತಿನ್ನುತ್ತದೆ.

"ಈ ಸಲ ಜಾಸ್ತಿ ಅಲ್ವಾ?"

ಒಂದು ಹಿತ್ತಿಲು ನೋಡಿ ಊರಿನ ಲೆಕ್ಕ ಹೇಳಲು ಆಗುವುದಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ವ್ಯತ್ಯಾಸ ಬರುವುದು ನಿಜ. ಮುಂಗಾರು ಕೇರಳಕ್ಕೆ ಬರುವ ಲೆಕ್ಕದ ದಿನ ಜೂನ್ 1. 2025ರಲ್ಲಿ ಮೇ 24ಕ್ಕೇ ಬಂತು. ಮಳೆ ಒಂದು ವಾರ ಮೊದಲೇ ಬಂದರೆ ಬೀಜ, ಹುಳ, ಕಪ್ಪೆ ಎಲ್ಲದಕ್ಕೂ ಒಂದು ವಾರ ಮೊದಲೇ ಗಂಟೆ ಹೊಡೆದ ಹಾಗೆ. ಒಂದೆರಡು ಮಳೆ ಬಂದು ಮತ್ತೆ ಹದಿನೈದು ದಿನ ಬಿಸಿಲಾದರೆ ಮೊಳೆತದ್ದೆಲ್ಲ ಸುಟ್ಟುಹೋಗುತ್ತದೆ, ಆ ವರ್ಷ ಕಮ್ಮಿ ಕಾಣುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ 'ಮೊದಲ ಕಪ್ಪೆ', 'ಮೊದಲ ರೆಕ್ಕೆಹುಳ' ಅಂತ ಬರೆದಿಟ್ಟರೆ ನಾಲ್ಕು ವರ್ಷದಲ್ಲಿ ನಿಮ್ಮದೇ ದಾಖಲೆ ಆಗುತ್ತದೆ.

ಪಕ್ಕಪಕ್ಕದ ಎರಡು ಮನೆಗಳಲ್ಲೇ ವ್ಯತ್ಯಾಸ ಇರುವುದಕ್ಕೆ ಕಾರಣ ನೆಲದಲ್ಲಿದೆ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕಿದರೆ ಬೀಜ ಇದ್ದರೂ ಬೆಳಕಿಲ್ಲ, ಕಪ್ಪೆಗೆ ಹೂತುಕೊಳ್ಳಲು ಮಣ್ಣಿಲ್ಲ. ತರಗೆಲೆ ಗುಡಿಸಿ ಸುಟ್ಟರೆ ಮುರಮಣ್ಣಿನ ಆ ಮೇಲಿನ ಇಂಚಿನ ಊಟ ಹೋಯಿತು. ಚೋರಟೆ, ಎರೆಹುಳು, ಮಿಂಚುಹುಳದ ಮರಿ ಎಲ್ಲದರ ಮನೆಯೂ ಹೋಯಿತು. ಹತ್ತಿರ ಒಂದು ನಾಗಬನ ಇದ್ದರೆ ಮಾತು ಬೇರೆ. ಕೊಂಬೆ ಕಡಿಯದೆ, ಎಲೆ ಗುಡಿಸದೆ ಬಿಟ್ಟ ಆ ನಾಲ್ಕು ಸೆಂಟ್ಸ್ ಜಾಗದಿಂದ ಬೀಜ, ಹುಳ, ಹಕ್ಕಿ ಸುತ್ತಲಿನ ಹಿತ್ತಿಲುಗಳಿಗೆ ಬರುತ್ತಿರುತ್ತವೆ. ಬನವನ್ನು ತೆಗೆದು ಸಿಮೆಂಟಿನ ಕಟ್ಟೆ ಮಾಡಿದ ಕಡೆ ಈ ವರತೆ ನಿಲ್ಲುತ್ತದೆ.

ಹಾವು, ಸೊಳ್ಳೆ ಮತ್ತು ಒಂದು ಬಕೆಟ್

ಮಳೆ ಶುರುವಾಗುವ ಹೊತ್ತಿಗೇ ಹಲವು ಹಾವುಗಳ ಮೊಟ್ಟೆಯೂ ಒಡೆಯುತ್ತದೆ. ಮರಿಗಳಿಗೆ ಸಣ್ಣ ಕಪ್ಪೆ ಬೇಕಲ್ಲ. ನಾಗರ ಮರಿಗೆ ಹುಟ್ಟಿದಾಗಲೇ ವಿಷ ಇರುತ್ತದೆ, ಸಣ್ಣದು ಅಂತ ಹಿಡಿಯಲು ಹೋಗಬೇಡಿ. ರಾತ್ರಿ ಹಿತ್ತಿಲಿಗೆ ಹೋಗುವಾಗ ಟಾರ್ಚ್ ಇರಲಿ, ಹೊರಗಿಟ್ಟ ಚಪ್ಪಲಿ ಕೊಡವಿ ಹಾಕಿ. ಕಚ್ಚಿದರೆ ಕಟ್ಟುವುದು, ಕುಯ್ಯುವುದು ಬೇಡ, ನೇರ ಆಸ್ಪತ್ರೆ.

ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ-ಹತ್ತು ದಿನ ಸಾಕು. ಅದಕ್ಕೇ ತೆಂಗಿನ ಗೆರಟೆ, ಟಯರು, ಅಡಿಕೆ ಹಾಳೆ, ಟಾರ್ಪಾಲಿನ ಮಡಿಕೆ, ಎಲ್ಲದರ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಬರೀ ಚೆಲ್ಲಿದರೆ ಸಾಲದು, ಒಳಬದಿ ತಿಕ್ಕಬೇಕು. ಮೊಟ್ಟೆ ಅಂಚಿಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಅದೂ ಸಿಮ್ಮಿನಲ್ಲೇ!

ಕಳೆದ ಭಾನುವಾರ ಹೀಗೆ ಚೆಲ್ಲಲು ಹೋದಾಗ ನಲ್ಲಿ ಪಕ್ಕದ ಬಕೆಟಿನ ಅಂಚಿನಲ್ಲಿ ಸೋಪಿನ ನೊರೆ ಗಟ್ಟಿಯಾದ ಹಾಗೆ ಒಂದು ಮುದ್ದೆ ಕಂಡಿತು. ಅಮ್ಮ "ಯಾರು ಇಲ್ಲಿ ಸರ್ಫ್ ಚೆಲ್ಲಿದ್ದು?" ಅಂತ ಬೈದರು. ಸರ್ಫ್ ಅಲ್ಲ, ಮರಗಪ್ಪೆಯ ಗೂಡು. ಲೋಳೆಯನ್ನು ಕಾಲಲ್ಲಿ ಕಡೆದು ನೊರೆ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಹೊರಪದರ ಒಣಗಿದರೂ ಒಳಗೆ ಒದ್ದೆ. ಕೆಲವು ದಿನಕ್ಕೆ ಮರಿಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತವೆ. ಅದಕ್ಕೇ ಗೂಡು ಯಾವಾಗಲೂ ನೀರಿನ ಮೇಲ್ಗಡೆಯೇ.

ಬಕೆಟ್ ಚೆಲ್ಲದಿದ್ದರೆ ಸೊಳ್ಳೆ, ಚೆಲ್ಲಿದರೆ ಕಪ್ಪೆಮರಿಗಳಿಗೆ ನೀರಿಲ್ಲ. ಕೊನೆಗೆ ಬಾಳೆಲೆಯ ತುಂಡಿನಿಂದ ಮುದ್ದೆಯನ್ನು ಮೆಲ್ಲ ಎಬ್ಬಿಸಿ, ತೋಟದ ಕೆಳಗಿನ ಮದಗದ ಅಂಚಿನಲ್ಲಿ, ನೀರಿನ ಮೇಲೆ ಬಾಗಿದ ಕೆಸುವಿನ ಎಲೆಗೆ ಅಂಟಿಸಿ ಬಂದೆ. ಬುಧವಾರ ಹೋಗಿ ನೋಡಿದರೆ ನೊರೆಯ ಅಡಿಭಾಗ ಕರಗಿ ಜೋಲುತ್ತಿತ್ತು. ಕೆಳಗೆ ನೀರಿನಲ್ಲಿ ಸಾಸಿವೆಕಾಳಿಗೆ ಬಾಲ ಬಂದ ಹಾಗೆ ಏಳೆಂಟು ಓಡಾಡುತ್ತಿದ್ದವು.